'ಸೋತವರ ಪರ ನಾನ್ಯಾಕೆ ಮಾತಾಡಲಿ?': ಅಮೆರಿಕದ ಸಂವಿಧಾನ ಹುಟ್ಟಿದ ಬಗೆ ಕುರಿತು ಒಬ್ಬ ತಾಯಿಯ ಪ್ರಶ್ನೆ

ಪ್ರಶ್ನೆ: ಮೇಡಂ, ನಾವು ಹನ್ನೊಂದು ವರ್ಷದಿಂದ ನಾರ್ತ್ ಕ್ಯಾರೊಲೈನಾದ ಕ್ಯಾರಿಯಲ್ಲಿದ್ದೇವೆ. ಮಗಳು ಎಂಟನೇ ಕ್ಲಾಸು. ಮುಂದಿನ ತಿಂಗಳು ಅವಳ ಶಾಲೆಯಲ್ಲಿ ಒಂದು ಚರ್ಚೆ ಇದೆ. 1787-88ರ ಕಾಲದವರ ಹಾಗೆ ಮಕ್ಕಳು ಎರಡು ಗುಂಪಾಗಿ, ಹೊಸ ಸಂವಿಧಾನ ಬೇಕೋ ಬೇಡವೋ ಅಂತ ವಾದ ಮಾಡಬೇಕು. ಇವಳಿಗೆ 'ಬೇಡ' ಎನ್ನುವ ಆಂಟಿ-ಫೆಡರಲಿಸ್ಟ್ ಗುಂಪು ಬಂದಿದೆ. 'ಸೋತವರ ಪರ ನಾನ್ಯಾಕೆ ಮಾತಾಡಲಿ' ಎಂದು ಅಳುತ್ತಾಳೆ. ಊರಿಂದ ಬಂದಿರುವ ನಮ್ಮ ಮಾವನವರು ನಿವೃತ್ತ ಮೇಷ್ಟ್ರು. 'ವಾಷಿಂಗ್ಟನ್, ಜೆಫರ್ಸನ್‌ರಂಥ ದೊಡ್ಡವರೆಲ್ಲ ಒಟ್ಟಿಗೆ ಕೂತು ಒಮ್ಮತದಿಂದ ಬರೆದದ್ದು ಅದು, ವಿರೋಧ ಮಾಡಿದವರಿಗೆ ದೂರದೃಷ್ಟಿ ಇರಲಿಲ್ಲ' ಎನ್ನುತ್ತಾರೆ. ನಮ್ಮ ಯಜಮಾನರು ಯಾವುದೋ ವಿಡಿಯೋ ನೋಡಿ, 'ಗುಲಾಮರನ್ನು ಇಟ್ಟುಕೊಂಡಿದ್ದ ಶ್ರೀಮಂತರು ಬಾಗಿಲು ಹಾಕಿಕೊಂಡು ಮಾಡಿದ ಪಿತೂರಿ ಅದು' ಎನ್ನುತ್ತಾರೆ. ಊಟದ ಮನೆಯಲ್ಲಿ ದಿನಾ ಇದೇ ಮಾತು. ಯಾವುದು ನಿಜ? ಇನ್ನೊಂದು, ಪುಟ್ಟ ರಾಜ್ಯಕ್ಕೂ ದೊಡ್ಡ ರಾಜ್ಯಕ್ಕೂ ಇಬ್ಬಿಬ್ಬರೇ ಸೆನೆಟರ್ ಯಾಕೆ ಅಂತ ಮಗಳು ಕೇಳಿದಳು, ನನಗೆ ಉತ್ತರ ಗೊತ್ತಾಗಲಿಲ್ಲ. ಚರ್ಚೆಯಲ್ಲಿ ಗುಲಾಮಗಿರಿಯ ಮಾತು ಎತ್ತಿದರೆ ತಪ್ಪಾಗುತ್ತದಾ ಎಂಬ ಭಯವೂ ಇದೆ.

ಉತ್ತರ: ನಿಮ್ಮ ಪತ್ರ ಓದಿದ ಕೂಡಲೇ ಮಗಳಿಗೆ ಹೇಳಬೇಕು ಅನ್ನಿಸಿದ್ದು ಇದು: ಅಳಬೇಡ ಮಗಳೇ, ನಿನಗೆ ಒಳ್ಳೆಯ ಪಾಲೇ ಬಂದಿದೆ. ನಾನು ಇಪ್ಪತ್ತಾರು ವರ್ಷ ಪದವಿ ಕ್ಲಾಸುಗಳಿಗೆ ಅಮೆರಿಕದ ಇತಿಹಾಸ ಪಾಠ ಮಾಡಿದವಳು. ಇದೇ ಚರ್ಚೆಯನ್ನು ನಾನೂ ಪ್ರತಿ ವರ್ಷ ಮಾಡಿಸುತ್ತಿದ್ದೆ. 'ಬೇಡ' ಎನ್ನುವ ಕಡೆ ಬಿದ್ದ ಮಕ್ಕಳೇ ಜಾಸ್ತಿ ಓದಿಕೊಂಡು ಬರುತ್ತಿದ್ದರು. ಗೆದ್ದವರ ಮಾತು ಪಠ್ಯಪುಸ್ತಕದಲ್ಲೇ ಸಿಗುತ್ತದೆ. ಸೋತವರ ಮಾತನ್ನು ಹುಡುಕಿಕೊಂಡು ಹೋಗಬೇಕು. ಹಾಗೆ ಹುಡುಕುವಾಗಲೇ ಇತಿಹಾಸ ಮನಸ್ಸಿಗೆ ಇಳಿಯುತ್ತದೆ.

ನಿಮ್ಮ ಪತ್ರದಲ್ಲಿ ಎರಡು ಚಿಂತೆ ಇವೆ. ಮನೆಯಲ್ಲಿ ಓಡಾಡುತ್ತಿರುವ ಎರಡು ಕಥೆಗಳಲ್ಲಿ ಯಾವುದು ಸರಿ ಎಂಬುದು ಒಂದು. ಮಗು ಕ್ಲಾಸಿನಲ್ಲಿ ಏನು ಹೇಳಿದರೆ ಕ್ಷೇಮ ಎಂಬುದು ಇನ್ನೊಂದು. ಮೊದಲನೆಯದು ಸರಿಹೋದರೆ ಎರಡನೆಯದು ತಾನಾಗಿ ಸರಿಹೋಗುತ್ತದೆ.

ಮಾವನವರ ಮಾತಿನಿಂದ ಶುರು ಮಾಡೋಣ. ಸಂವಿಧಾನ ಬರೆದ ಆ ಸಭೆಯಲ್ಲಿ ಜೆಫರ್ಸನ್ ಇರಲೇ ಇಲ್ಲ. 1787ರಲ್ಲಿ ಅವರು ಪ್ಯಾರಿಸ್‌ನಲ್ಲಿ ರಾಯಭಾರಿ. ಜಾನ್ ಆ್ಯಡಮ್ಸ್ ಲಂಡನ್‌ನಲ್ಲಿದ್ದರು. ವರ್ಜೀನಿಯಾದ ದೊಡ್ಡ ಮಾತುಗಾರ ಪ್ಯಾಟ್ರಿಕ್ ಹೆನ್ರಿಯನ್ನು ಆರಿಸಿದ್ದರೂ ಅವರು ಹೋಗಲಿಲ್ಲ. ರೋಡ್ ಐಲೆಂಡ್ ರಾಜ್ಯವಂತೂ ಯಾರನ್ನೂ ಕಳಿಸಲಿಲ್ಲ. ಉಳಿದ 12 ರಾಜ್ಯಗಳಿಂದ ಒಟ್ಟು 55 ಮಂದಿ ಫಿಲಡೆಲ್ಫಿಯಾಕ್ಕೆ ಬಂದರು. ಸೆಪ್ಟೆಂಬರ್ 17ರಂದು ಪತ್ರಕ್ಕೆ ಬಿದ್ದ ಸಹಿ 39. ಕೆಲವರು ಮಧ್ಯದಲ್ಲೇ ಎದ್ದುಹೋಗಿದ್ದರು. ಕೊನೆಯ ದಿನದವರೆಗೂ ಕೂತು ಸಹಿ ಹಾಕಲು ಒಪ್ಪದವರು ಮೂವರು: ಜಾರ್ಜ್ ಮೇಸನ್, ಎಲ್‌ಬ್ರಿಡ್ಜ್ ಗೆರಿ, ಎಡ್ಮಂಡ್ ರಾಂಡಾಲ್ಫ್. ಈ ರಾಂಡಾಲ್ಫ್ ಯಾರು ಗೊತ್ತಾ? ಮೇ 29ರಂದು ಸಭೆಯ ಮುಂದೆ ಮೊದಲ ಯೋಜನೆಯನ್ನು ಮಂಡಿಸಿದವರೇ ಅವರು!

ಹಾಗಾದರೆ ಈ 'ಒಮ್ಮತ' ಎನ್ನುವ ಮಾತು ಎಲ್ಲಿಂದ ಬಂತು? ಮಾವನವರು ಸುಮ್ನೆ ಹೇಳಿದ್ದಲ್ಲ, ಅದು ಸಂವಿಧಾನದ ಕೊನೆಯಲ್ಲೇ ಇದೆ. 'ಹಾಜರಿದ್ದ ರಾಜ್ಯಗಳ ಒಮ್ಮತದಿಂದ' ಎಂದು ಬರೆದಿದ್ದಾರೆ. ಅದನ್ನು ನಿಧಾನವಾಗಿ ಓದಬೇಕು. ರಾಜ್ಯಗಳ ಒಮ್ಮತ, ಜನರದ್ದಲ್ಲ. ಒಂದು ರಾಜ್ಯದ ಪ್ರತಿನಿಧಿಗಳಲ್ಲಿ ಹೆಚ್ಚಿನವರು 'ಹೂಂ' ಅಂದರೆ ಆ ರಾಜ್ಯ ಒಪ್ಪಿದ ಹಾಗೆ. ಒಪ್ಪದವರೂ ಸಹಿ ಹಾಕಲಿ ಎಂದೇ ಆ ವಾಕ್ಯವನ್ನು ಪೆನ್ಸಿಲ್ವೇನಿಯಾದ ಪ್ರತಿನಿಧಿ ಗೂವರ್ನರ್ ಮಾರಿಸ್ (ಗೂವರ್ನರ್ ಎಂಬುದು ಹೆಸರು, ಪದವಿಯಲ್ಲ) ಹೆಣೆದರು, 81 ವರ್ಷದ ಬೆಂಜಮಿನ್ ಫ್ರಾಂಕ್ಲಿನ್ ಸಭೆಯ ಮುಂದಿಟ್ಟರು. ಅಂದು ಫ್ರಾಂಕ್ಲಿನ್ ಆಡಿದ ಮಾತು ನನಗೆ ತುಂಬ ಇಷ್ಟ. ಇದರಲ್ಲಿ ನಾನು ಈಗ ಒಪ್ಪದ ಭಾಗಗಳು ಹಲವಿವೆ, ಮುಂದೆಯೂ ಒಪ್ಪುವುದೇ ಇಲ್ಲ ಎಂದು ಮಾತ್ರ ಹೇಳಲಾರೆ ಎಂಬ ಅರ್ಥದಲ್ಲಿ ಅವರು ಮಾತು ಶುರು ಮಾಡಿದರು. ಅಷ್ಟು ವಯಸ್ಸಾದವರು ತಮ್ಮ ಅಭಿಪ್ರಾಯ ಬದಲಾದೀತು ಎಂದು ಎಲ್ಲರೆದುರು ಒಪ್ಪಿಕೊಂಡರು.

ಈಗ ಯಜಮಾನರ ಮಾತು. ಬಾಗಿಲು ಹಾಕಿದ್ದು ನಿಜ. ಫಿಲಡೆಲ್ಫಿಯಾದ ಬೇಸಿಗೆಯಲ್ಲಿ ಕಿಟಕಿಯನ್ನೂ ಮುಚ್ಚಿ, ಬಾಗಿಲಲ್ಲಿ ಕಾವಲು ನಿಲ್ಲಿಸಿ ನಾಲ್ಕು ತಿಂಗಳ ಹತ್ತಿರ ಮಾತಾಡಿದರು. ಒಳಗಿನ ಒಂದು ಮಾತೂ ಹೊರಗೆ ಹೋಗಬಾರದು ಎಂದು ನಿಯಮ ಮಾಡಿಕೊಂಡರು. ಸದಸ್ಯರ ನಾಲಿಗೆ ಕಟ್ಟಿಹಾಕಿದ್ದು ಬಹಳ ಕೆಟ್ಟ ಪದ್ಧತಿ ಎಂದು ಜೆಫರ್ಸನ್ ಪ್ಯಾರಿಸ್‌ನಿಂದ ಆ್ಯಡಮ್ಸ್‌ಗೆ ಬರೆದರು. ಅಲ್ಲಿಗೆ ಬಂದವರಲ್ಲಿ ಸುಮಾರು 25 ಮಂದಿ ಗುಲಾಮರನ್ನು ಇಟ್ಟುಕೊಂಡಿದ್ದವರು, ಅದೂ ನಿಜ. ವಿಡಿಯೋದಲ್ಲಿ ಬಂತೋ ಇಲ್ಲವೋ, ಇನ್ನೂ ಒಂದು ದೊಡ್ಡ ಆಕ್ಷೇಪ ಇದೆ. ಫೆಬ್ರವರಿಯಲ್ಲಿ ಕಾಂಗ್ರೆಸ್, ಅಂದರೆ ರಾಜ್ಯಗಳ ಪ್ರತಿನಿಧಿಗಳಿದ್ದ ಕೇಂದ್ರ ಸಭೆ, ಇವರಿಗೆ ಒಪ್ಪಿಸಿದ್ದ ಕೆಲಸ ರಾಜ್ಯಗಳ ನಡುವಿನ ಹಳೆಯ ಒಪ್ಪಂದವನ್ನು ತಿದ್ದುವುದು ಮಾತ್ರ. ಇವರು ಅದನ್ನು ಪಕ್ಕಕ್ಕಿಟ್ಟು ಹೊಸದನ್ನೇ ಬರೆದರು. ಹಳೆಯದರ ಪ್ರಕಾರ ಯಾವ ಬದಲಾವಣೆಗೂ 13 ರಾಜ್ಯಗಳೂ ಒಪ್ಪಬೇಕಿತ್ತು. ಇವರು '9 ಒಪ್ಪಿದರೆ ಸಾಕು' ಎಂದು ತಾವೇ ಬರೆದುಕೊಂಡರು. ಮನೆ ರಿಪೇರಿಗೆ ಕರೆದವರು ಹಳೆ ಮನೆ ಕೆಡವಿ ಹೊಸ ಪಾಯ ತೆಗೆದ ಹಾಗಾಯಿತು.

ಆದರೂ 'ಪಿತೂರಿ' ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಸಹಿ ಬಿದ್ದ ಎರಡನೇ ದಿನವೇ, ಸೆಪ್ಟೆಂಬರ್ 19ರಂದು, ಪೂರ್ತಿ ಪಠ್ಯ ಪತ್ರಿಕೆಯಲ್ಲಿ ಅಚ್ಚಾಯಿತು. ಆಮೇಲೆ ಪ್ರತಿ ರಾಜ್ಯದಲ್ಲಿ ಜನ ಇದಕ್ಕೆಂದೇ ಪ್ರತಿನಿಧಿಗಳನ್ನು ಆರಿಸಿದರು. ಒಂದು ವರ್ಷ ಬೀದಿಯಲ್ಲಿ, ಹೋಟೆಲಿನಲ್ಲಿ, ಪತ್ರಿಕೆಯಲ್ಲಿ ಜಗಳವೇ ನಡೆಯಿತು. 'ಬೇಡ' ಎನ್ನುವ ಹಕ್ಕು ಇತ್ತು, ಎರಡು ರಾಜ್ಯಗಳು ಹಾಗೆ ಅಂದೂ ಅಂದವು. ಬೇಡ ಅನ್ನುವ ಅವಕಾಶ ಕೊಟ್ಟ ಮೇಲೆ ಪಿತೂರಿ ಹೇಗಾಗುತ್ತದೆ? ಹಾಗಂತ ಎಲ್ಲ ಕಡೆ ಸಭ್ಯವಾಗಿ ನಡೆಯಿತು ಅನ್ನಲಾರೆ. ಪೆನ್ಸಿಲ್ವೇನಿಯಾದಲ್ಲಿ ಕೋರಂ ಮುರಿಯಲೆಂದು ಹೊರಗುಳಿದಿದ್ದ ಇಬ್ಬರು ಶಾಸಕರನ್ನು ಜನರ ಗುಂಪೊಂದು ಹಿಡಿದು ಎಳೆದುತಂದು ಸಭೆಯಲ್ಲಿ ಕೂರಿಸಿತು. ಮತ ಹಾಕುವವರು ಹೆಚ್ಚಾಗಿ ಆಸ್ತಿಯಿದ್ದ ಬಿಳಿಯ ಗಂಡಸರು. 'ಜನ' ಎಂದರೆ ಅಂದು ಯಾರು ಎಂಬ ಪ್ರಶ್ನೆಯನ್ನು ಮಗಳು ಮರೆಯಬಾರದು.

ಇಷ್ಟೆಲ್ಲ ರಾದ್ಧಾಂತ ಯಾಕೆ ಬೇಕಾಯಿತು? ಇದನ್ನು ತಿಳಿಯದೆ ಎರಡೂ ಕಡೆಯ ವಾದ ಅರ್ಥವಾಗುವುದಿಲ್ಲ.

ಸ್ವಾತಂತ್ರ್ಯದ ಹೋರಾಟ ನಡೆಯುತ್ತಿರುವಾಗಲೇ 13 ರಾಜ್ಯಗಳು ಒಂದು ಒಪ್ಪಂದ ಮಾಡಿಕೊಂಡಿದ್ದವು. ಆರ್ಟಿಕಲ್ಸ್ ಆಫ್ ಕಾನ್‌ಫೆಡರೇಷನ್ ಎಂದು ಅದರ ಹೆಸರು. 1781ರಲ್ಲಿ ಜಾರಿಗೆ ಬಂತು. ದೂರದ ರಾಜನ ಕಾಟ ತಿಂದವರು ಅವರು. ಕೇಂದ್ರಕ್ಕೆ ಬಲ ಕೊಡಲು ಹೆದರಿದ್ದು ಸಹಜ. ಅಧ್ಯಕ್ಷನಿಲ್ಲ, ದೇಶಕ್ಕೆಲ್ಲ ಒಂದು ನ್ಯಾಯಾಂಗ ಇಲ್ಲ. ಪ್ರತಿ ರಾಜ್ಯಕ್ಕೆ ಒಂದು ಮತ. ಎಲ್ಲಕ್ಕಿಂತ ದೊಡ್ಡ ತೊಂದರೆ ಎಂದರೆ, ಕಾಂಗ್ರೆಸ್‌ಗೆ ತೆರಿಗೆ ಹಾಕುವ ಅಧಿಕಾರ ಇರಲಿಲ್ಲ. 'ದಯವಿಟ್ಟು ಇಷ್ಟು ಹಣ ಕೊಡಿ' ಎಂದು ರಾಜ್ಯಗಳನ್ನು ಕೇಳಬೇಕು. ಅವು ಕೊಟ್ಟರೆ ಕೊಟ್ಟವು, ಬಿಟ್ಟರೆ ಬಿಟ್ಟವು. ಯುದ್ಧದ ಸಾಲ ತೀರಿಸಲು ಆಮದು ಸರಕಿನ ಮೇಲೆ ನೂರಕ್ಕೆ 5ರಷ್ಟು ಸುಂಕ ಹಾಕೋಣ ಎಂದು 1781ರಲ್ಲಿ ಕೇಳಿದರು. ರೋಡ್ ಐಲೆಂಡ್ ಒಂದೇ 'ಆಗಲ್ಲ' ಅಂತು, ಯೋಜನೆ ಬಿತ್ತು. 1783ರಲ್ಲಿ ಮತ್ತೆ ಕೇಳಿದರು. ಆಗ ನ್ಯೂಯಾರ್ಕ್ ಕೆಡಿಸಿತು. ಅದೇ 1783ರ ಜೂನ್‌ನಲ್ಲಿ ಸಂಬಳ ಸಿಗದ ಸೈನಿಕರು ಕಾಂಗ್ರೆಸ್ ಕೂತಿದ್ದ ಕಟ್ಟಡಕ್ಕೇ ಮುತ್ತಿಗೆ ಹಾಕಿದರು. ದೇಶದ ನಾಯಕರು ಫಿಲಡೆಲ್ಫಿಯಾ ಬಿಟ್ಟು ಪ್ರಿನ್ಸ್‌ಟನ್‌ಗೆ ಹೋಗಬೇಕಾಯಿತು.

ಇನ್ನು ಮ್ಯಾಸಚುಸೆಟ್ಸ್‌ನ ರೈತರ ಕಥೆ. ಕೇಳಿದರೆ ನಮ್ಮ ಕಡೆಯವರಿಗೂ ಹೊಟ್ಟೆ ಚುರುಕ್ ಅನ್ನುತ್ತದೆ. ಯುದ್ಧದಲ್ಲಿ ಹೋರಾಡಿ ಊರಿಗೆ ಬಂದವರು ಹಲವರಿದ್ದರು. ಕೈಗೆ ಸರಿಯಾದ ಸಂಬಳ ಬಂದಿಲ್ಲ. ರಾಜ್ಯ ಸರ್ಕಾರ ತೆರಿಗೆ ಏರಿಸಿ, ನಾಣ್ಯದಲ್ಲೇ ಕಟ್ಟಿ ಎಂದಿತು. ನಾಣ್ಯ ಎಲ್ಲಿಂದ ತರಬೇಕು? ಕೋರ್ಟುಗಳು ಜಮೀನು, ದನ ಜಪ್ತಿ ಮಾಡಿದವು. ಸಾಲಗಾರರನ್ನು ಜೈಲಿಗೆ ಹಾಕಿದವು. 1786ರ ಕೊನೆಯ ತಿಂಗಳುಗಳಲ್ಲಿ ರೈತರು ಕೋರ್ಟ್ ನಡೆಯದಂತೆ ಅಡ್ಡ ನಿಂತರು. ಡೇನಿಯಲ್ ಶೇಸ್ ಎಂಬ ಹಳೆಯ ಕ್ಯಾಪ್ಟನ್ ಅವರ ಮುಂದಾಳುಗಳಲ್ಲಿ ಒಬ್ಬರು. 1787ರ ಜನವರಿ 25ರಂದು ಸ್ಪ್ರಿಂಗ್‌ಫೀಲ್ಡ್‌ನ ಶಸ್ತ್ರಾಗಾರದ ಮುಂದೆ ಫಿರಂಗಿ ಹಾರಿತು, ನಾಲ್ವರು ರೈತರು ಸತ್ತರು. ಇದನ್ನು ಹತ್ತಿಕ್ಕಲು ಕಾಂಗ್ರೆಸ್ ಬಳಿ ಸೈನ್ಯವೂ ಇರಲಿಲ್ಲ, ದುಡ್ಡೂ ಇರಲಿಲ್ಲ. ಬಾಸ್ಟನ್‌ನ ವ್ಯಾಪಾರಿಗಳು ಹಣ ಹಾಕಿ ಪಡೆ ಕಟ್ಟಿದರು. ಮೌಂಟ್ ವರ್ನನ್‌ನ ತೋಟದಮನೆಯಲ್ಲಿ ವಿಶ್ರಾಂತಿಯಲ್ಲಿದ್ದ ವಾಷಿಂಗ್ಟನ್ ಈ ಸುದ್ದಿ ಕೇಳಿ ಗಾಬರಿಯಾದರು. ಅವರು ಫಿಲಡೆಲ್ಫಿಯಾಕ್ಕೆ ಹೊರಡಲು ಈ ಗಾಬರಿಯೂ ಒಂದು ಕಾರಣ.

ಆದರೆ ಹಳೆಯ ಒಪ್ಪಂದ ಏನೂ ಕೆಲಸಕ್ಕೆ ಬಾರದ್ದು ಎಂದು ಎದುರು ಗುಂಪು ಹೇಳಿದರೆ ಮಗಳು ಸುಮ್ಮನೆ ಒಪ್ಪಬಾರದು. ಬ್ರಿಟಿಷರೊಂದಿಗೆ ಯುದ್ಧ ಮುಗಿಸಿ 1783ರ ಶಾಂತಿ ಒಪ್ಪಂದ ಪಡೆದದ್ದು ಅದೇ ಕಾಂಗ್ರೆಸ್. ಓಹಾಯೋ ನದಿಯ ಉತ್ತರದ ಹೊಸ ನಾಡಿಗೆ 1787ರ ಜುಲೈನಲ್ಲಿ ಕಾನೂನು ಮಾಡಿ, ಅಲ್ಲಿ ಗುಲಾಮಗಿರಿ ಕೂಡದು ಎಂದದ್ದೂ ಅದೇ ಕಾಂಗ್ರೆಸ್.

ಹಾಗಾದರೆ ಅವರ ಮುಂದೆ ಯಾವ ದಾರಿಗಳಿದ್ದವು? ಹಳೆಯದನ್ನೇ ಇಟ್ಟುಕೊಂಡು ತೇಪೆ ಹಾಕುವುದು ಒಂದು. ಜೂನ್ 15ರಂದು ನ್ಯೂಜೆರ್ಸಿಯ ವಿಲಿಯಂ ಪ್ಯಾಟರ್ಸನ್ ತಂದದ್ದು ಇದೇ ಯೋಜನೆ. ಸುಂಕ ಹಾಕುವ, ವ್ಯಾಪಾರ ನಿಯಂತ್ರಿಸುವ ಅಧಿಕಾರ ಕೇಂದ್ರಕ್ಕೆ ಸೇರಿಸೋಣ, ರಾಜ್ಯಕ್ಕೊಂದು ಮತ ಹಾಗೇ ಇರಲಿ ಎಂದರು. ಜನರಿಗೆ ಇದು ಹತ್ತಿರ, ಸಣ್ಣ ರಾಜ್ಯಕ್ಕೆ ಕ್ಷೇಮ. ಅಪಾಯ ಏನೆಂದರೆ, ಕೊಡದ ರಾಜ್ಯದಿಂದ ವಸೂಲಿ ಮಾಡಲು ಅದರ ಮೇಲೆ ಬಲ ಪ್ರಯೋಗಿಸಬೇಕಾಗುತ್ತಿತ್ತು. ಇನ್ನೊಂದು, ವರ್ಜೀನಿಯಾದ ಪ್ರತಿನಿಧಿ ಜೇಮ್ಸ್ ಮ್ಯಾಡಿಸನ್ ತಲೆಯಲ್ಲಿ ಹುಟ್ಟಿ ರಾಂಡಾಲ್ಫ್ ಬಾಯಲ್ಲಿ ಬಂದ ವರ್ಜೀನಿಯಾ ಯೋಜನೆ. ಎರಡು ಸದನ, ಎರಡರಲ್ಲೂ ಜನಸಂಖ್ಯೆಗೆ ತಕ್ಕ ಸ್ಥಾನ, ರಾಜ್ಯದ ಕಾನೂನನ್ನೇ ತಡೆಯುವ ಅಧಿಕಾರ ಕೇಂದ್ರಕ್ಕೆ. ಕೆಲಸ ನಡೆಯುವ ಸರ್ಕಾರ ಬರುತ್ತಿತ್ತು. ಆದರೆ ಡೆಲವೇರ್‌ನಂಥವು ದೊಡ್ಡ ರಾಜ್ಯಗಳ ಬಾಯಿಗೆ ಬೀಳುತ್ತಿದ್ದವು. ನ್ಯೂಯಾರ್ಕ್‌ನ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಇನ್ನೂ ಮುಂದೆ ಹೋದರು. ಜೂನ್ 18ರಂದು ಗಂಟೆಗಟ್ಟಲೆ ಮಾತಾಡಿ, ಸನ್ನಡತೆ ಇರುವವರೆಗೆ ಅಂದರೆ ಬದುಕಿರುವವರೆಗೂ ಅಧಿಕಾರದಲ್ಲಿರುವ ಮುಖ್ಯಸ್ಥ ಬೇಕು ಎಂದರು. ಯಾರೂ ಬೆಂಬಲಿಸಲಿಲ್ಲ. ಒಕ್ಕೂಟ ಒಡೆದು ಎರಡು-ಮೂರು ದೇಶ ಆಗಲಿ ಎಂಬ ಮಾತೂ ಹೊರಗೆ ಇತ್ತು. ಉತ್ತರದ ಕೋಟೆಗಳಲ್ಲಿ ಬ್ರಿಟಿಷರು ಇನ್ನೂ ಕೂತಿದ್ದರು. ಮಿಸಿಸಿಪ್ಪಿ ನದಿಯಲ್ಲಿ ಅಮೆರಿಕನ್ನರ ದೋಣಿ ಹೋಗದಂತೆ ಸ್ಪೇನ್ ತಡೆದಿತ್ತು. ಅಂಥ ಹೊತ್ತಿನಲ್ಲಿ ಒಡೆಯುವುದೆಂದರೆ ಏನಾಗುತ್ತಿತ್ತೋ ನೀವೇ ಯೋಚಿಸಿ.

ಮಗಳು ಕೇಳಿದ ಸೆನೆಟ್ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಒಳ್ಳೆಯ ಪ್ರಶ್ನೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಇಡೀ ಸಭೆ ಒಡೆದುಹೋಗುವ ಹಾಗಾದದ್ದು ಇದರಿಂದಲೇ. ಜೂನ್ 30ರಂದು ಡೆಲವೇರ್‌ನ ಗನ್ನಿಂಗ್ ಬೆಡ್‌ಫರ್ಡ್ ಎದ್ದು ದೊಡ್ಡ ರಾಜ್ಯದವರ ಮುಖಕ್ಕೇ ಹೇಳಿದರು: 'ಮಹನೀಯರೇ, ನನಗೆ ನಿಮ್ಮ ಮೇಲೆ ನಂಬಿಕೆ ಇಲ್ಲ.' ನೀವು ಕೈ ಬಿಟ್ಟರೆ ನಮ್ಮ ಕೈ ಹಿಡಿಯುವ ಹೊರದೇಶದವರು ಸಿಗುತ್ತಾರೆ ಎಂದೂ ಎಚ್ಚರಿಸಿದರು. ಜುಲೈ 2ರಂದು ಮತಕ್ಕೆ ಹಾಕಿದಾಗ 5 ರಾಜ್ಯ ಹೌದು, 5 ಅಲ್ಲ, ಜಾರ್ಜಿಯಾದವರು ತಮ್ಮೊಳಗೇ ಸಮಸಮ. ಎತ್ತು ಏರಿಗೆ, ಕೋಣ ನೀರಿಗೆ. ರಾಜ್ಯಕ್ಕೊಬ್ಬರಂತೆ ಒಂದು ಸಮಿತಿ ಮಾಡಿದರು. ಕನೆಕ್ಟಿಕಟ್‌ನ ರಾಜರ್ ಶರ್ಮನ್ ಹಿಂದಿನಿಂದಲೂ ಹೇಳುತ್ತಿದ್ದ ಮಾತಿಗೇ ಕೊನೆಗೆ ಬಂದರು. ಕೆಳಮನೆಯಲ್ಲಿ ಜನರ ಲೆಕ್ಕ, ಸೆನೆಟ್‌ನಲ್ಲಿ ರಾಜ್ಯಗಳ ಲೆಕ್ಕ. ಜುಲೈ 16ರಂದು ಇದು ಗೆದ್ದದ್ದು 5ಕ್ಕೆ 4ರಿಂದ. ಮ್ಯಾಸಚುಸೆಟ್ಸ್‌ನವರು ಅರ್ಧಕ್ಕರ್ಧ ಒಡೆದಿದ್ದರು. ನ್ಯೂಯಾರ್ಕ್‌ನವರಲ್ಲಿ ಇಬ್ಬರು ಅಷ್ಟರಲ್ಲೇ ಬೇಸತ್ತು ಮನೆಗೆ ಹೋಗಿದ್ದರು. ಒಂದೇ ಒಂದು ರಾಜ್ಯದ ಮತ ಆಚೆ-ಈಚೆ ಆಗಿದ್ದರೆ ಇಂದಿನ ಸೆನೆಟ್ ಇರುತ್ತಿರಲಿಲ್ಲ. 'ಸಂವಿಧಾನದ ತಂದೆ' ಎಂದು ಎಲ್ಲರೂ ಕರೆಯುವ ಮ್ಯಾಡಿಸನ್ ಆ ದಿನ ಸೋತ ಕಡೆ ಇದ್ದರು. ಮಗಳಿಗೆ ಇದನ್ನು ಖಂಡಿತ ಹೇಳಿ.

ಇದು ನ್ಯಾಯವೇ? ನನ್ನ ಅಭಿಪ್ರಾಯ ಕೇಳಿದರೆ, ಅಂದು ಬೇರೆ ದಾರಿ ಇರಲಿಲ್ಲ, ಆದರೆ ಇಂದಿನ ಭಾರ ತುಂಬಾ ಜಾಸ್ತಿಯಾಗಿದೆ. 1790ರ ಜನಗಣತಿಯಲ್ಲಿ ವರ್ಜೀನಿಯಾದ ಜನ ಸುಮಾರು 7 ಲಕ್ಷ 47 ಸಾವಿರ, ಡೆಲವೇರ್‌ನವರು 59 ಸಾವಿರ. ಹೆಚ್ಚು ಕಡಿಮೆ ಹನ್ನೆರಡೂವರೆ ಪಟ್ಟು. 2020ರಲ್ಲಿ ಕ್ಯಾಲಿಫೋರ್ನಿಯಾದವರು ಸುಮಾರು 3 ಕೋಟಿ 95 ಲಕ್ಷ, ವಯೋಮಿಂಗ್‌ನವರು 5 ಲಕ್ಷ 77 ಸಾವಿರ. ಅರವತ್ತೆಂಟು ಪಟ್ಟು. ಇಬ್ಬರಿಗೂ ಎರಡೆರಡೇ ಸ್ಥಾನ. ಬದಲಿಸುವುದೂ ಸುಲಭವಲ್ಲ. ಯಾವ ರಾಜ್ಯದ ಸಮಪಾಲನ್ನೂ ಅದರ ಒಪ್ಪಿಗೆ ಇಲ್ಲದೆ ಕಸಿಯುವಂತಿಲ್ಲ ಎಂದು ಸಂವಿಧಾನದಲ್ಲೇ ಬೀಗ ಹಾಕಿದ್ದಾರೆ. ನಮ್ಮ ರಾಜ್ಯಸಭೆ ಬೇರೆ ಥರ. ಅಲ್ಲಿ ಉತ್ತರ ಪ್ರದೇಶಕ್ಕೆ 31, ಕರ್ನಾಟಕಕ್ಕೆ 12, ಗೋವಾಕ್ಕೆ 1. ಮಾವನವರ ಜೊತೆ ಮಗಳು ಈ ಎರಡನ್ನೂ ಪಕ್ಕಪಕ್ಕ ಇಟ್ಟು ಮಾತಾಡಲಿ, ಚೆನ್ನಾಗಿರುತ್ತದೆ.

ಈಗ ಗುಲಾಮಗಿರಿ. ಇದನ್ನು ಹೇಳುವಾಗ ನನಗೆ ಪ್ರತಿ ಸಲವೂ ಮನಸ್ಸು ಭಾರವಾಗುತ್ತದೆ. ಹೇಳದೆ ಬಿಟ್ಟರೆ ಅದು ಪಾಠವೇ ಅಲ್ಲ.

'ಗುಲಾಮ' ಎಂಬ ಪದ ಆ ಮೂಲ ಸಂವಿಧಾನದಲ್ಲಿ ಎಲ್ಲೂ ಇಲ್ಲ. 'ಇತರ ವ್ಯಕ್ತಿಗಳು' ಎಂಬಂಥ ಸುತ್ತುಮಾತು ಇದೆ. ಸಂಗತಿ ಮಾತ್ರ ಮೂರು ಕಡೆ ಇದೆ. ಕೆಳಮನೆಯ ಸ್ಥಾನ ಹಂಚುವಾಗ ಗುಲಾಮರ ಸಂಖ್ಯೆಯ ಐದರಲ್ಲಿ ಮೂರು ಪಾಲು ಲೆಕ್ಕಕ್ಕೆ ಬರುತ್ತದೆ. ಗುಲಾಮರನ್ನು ಹೊರಗಿನಿಂದ ತರುವುದನ್ನು 1808ರ ತನಕ ಕಾಂಗ್ರೆಸ್ ನಿಷೇಧಿಸುವಂತಿಲ್ಲ. ಓಡಿಹೋದವರನ್ನು ಹಿಡಿದು ಒಪ್ಪಿಸಬೇಕು.

ಐದರಲ್ಲಿ ಮೂರು ಎಂಬುದನ್ನು ಬಹಳ ಜನ ತಪ್ಪು ತಿಳಿಯುತ್ತಾರೆ. 'ಕರಿಯರನ್ನು ಮುಕ್ಕಾಲಿಗಿಂತ ಕಡಿಮೆ ಮನುಷ್ಯರೆಂದು ಎಣಿಸಿದರು, ಪೂರ್ತಿ ಎಣಿಸಿದ್ದರೆ ನ್ಯಾಯವಾಗುತ್ತಿತ್ತು' ಎಂದುಕೊಳ್ಳುತ್ತಾರೆ. ನಡೆದದ್ದು ಉಲ್ಟಾ. ಪೂರ್ತಿ ಎಣಿಸಿ ಎಂದು ಕೇಳಿದವರು ಗುಲಾಮರ ಒಡೆಯರು. ಎಣಿಸಲೇಬೇಡಿ ಎಂದವರು ಉತ್ತರದವರಲ್ಲಿ ಹಲವರು. ಯಾಕೆಂದರೆ ಆ ಎಣಿಕೆಯಿಂದ ಬರುವ ಸ್ಥಾನದಲ್ಲಿ ಕೂರುವವನು ಒಡೆಯ. ಎಣಿಕೆಗೆ ಬಂದವನಿಗೆ ಮತವೂ ಇಲ್ಲ, ಮಾತೂ ಇಲ್ಲ. 1790ರಲ್ಲಿ ದೇಶದ 39 ಲಕ್ಷ ಜನರಲ್ಲಿ ಸುಮಾರು 7 ಲಕ್ಷ ಮಂದಿ ಗುಲಾಮರು. ಅವರ ತಲೆ ಎಣಿಸಿ ಅವರನ್ನೇ ಕಟ್ಟಿಹಾಕಿದವರ ಕೈಗೆ ಹೆಚ್ಚಿನ ಬಲ ಕೊಟ್ಟರು. ಅಧ್ಯಕ್ಷರನ್ನು ಆರಿಸುವ ಮತಗಳ ಲೆಕ್ಕವೂ ಇದೇ ಸ್ಥಾನಗಳ ಮೇಲೆ ನಿಂತದ್ದರಿಂದ, ಆ ಬಲ ಅಧ್ಯಕ್ಷ ಪದವಿಯ ತನಕ ಮುಟ್ಟಿತು.

ದಕ್ಷಿಣ ಕ್ಯಾರೊಲೈನಾ, ಜಾರ್ಜಿಯಾದವರು 'ಇದಿಲ್ಲದಿದ್ದರೆ ನಾವು ಬರಲ್ಲ' ಎಂದರು. ಉಳಿದವರು ಒಕ್ಕೂಟ ಉಳಿಯಲಿ ಎಂದು ಒಪ್ಪಿದರು. ಆಗಸ್ಟ್‌ನಲ್ಲಿ ಹಡಗು-ವ್ಯಾಪಾರದ ಕಾನೂನಿಗೂ ಈ 1808ರ ಗಡುವಿಗೂ ಕೊಡು-ತೆಗೆದುಕೋ ನಡೆಯಿತು. ಬೆಲೆ ತೆತ್ತವರು ಆ ಕೋಣೆಯಲ್ಲಿ ಇರಲೇ ಇಲ್ಲ. ಗುಲಾಮರ ವ್ಯಾಪಾರವನ್ನು ಆಗಸ್ಟ್ 22ರಂದು ಕಟುವಾಗಿ ಬೈದವರು ಜಾರ್ಜ್ ಮೇಸನ್. ಅವರ ತೋಟದಲ್ಲೂ ಗುಲಾಮರಿದ್ದರು. ಇದರ ಲೆಕ್ಕ ತೀರಲು 1861ರಿಂದ 1865ರ ತನಕ ಅಂತರ್ಯುದ್ಧವೇ ನಡೆಯಬೇಕಾಯಿತು.

ಹಾಗಾದರೆ ಚರ್ಚೆಯಲ್ಲಿ ಇದನ್ನು ಎತ್ತಬಹುದಾ? ಎತ್ತಬಹುದು. ಇದು ಯಾರ ಮೇಲೂ ಹೊರಿಸುವ ಆರೋಪ ಅಲ್ಲ, ಬರಹದಲ್ಲಿರುವ ಸಂಗತಿ. ಆದರೆ ಒಂದು ಎಚ್ಚರ. 'ಬೇಡ' ಎಂದವರೆಲ್ಲ ಗುಲಾಮಗಿರಿಯ ವಿರೋಧಿಗಳು ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಪ್ಯಾಟ್ರಿಕ್ ಹೆನ್ರಿ ವರ್ಜೀನಿಯಾದ ಸಭೆಯಲ್ಲಿ ಎದ್ದು, ಈ ಹೊಸ ಕೇಂದ್ರ ಸರ್ಕಾರ ನಾಳೆ ನಮ್ಮ ಗುಲಾಮರನ್ನೇ ಬಿಡುಗಡೆ ಮಾಡೀತು ಎಂದು ಹೆದರಿಸಿದರು. ಮಗಳು ಇಡೀ ವಾದವನ್ನು ಗುಲಾಮಗಿರಿಯ ಮೇಲೇ ನಿಲ್ಲಿಸಿದರೆ, ಎದುರಿನವರು ಇದೊಂದನ್ನು ಹಿಡಿದು ಕೆಡವಬಹುದು. ಅದೇ ರೀತಿ 'ಪಿತೂರಿ' ಎಂದು ಶುರು ಮಾಡಿದರೆ, 'ಜನ ಮತ ಹಾಕಿ ಒಪ್ಪಲಿಲ್ಲವೇ?' ಎಂಬ ಒಂದೇ ಪ್ರಶ್ನೆಗೆ ಮಾತು ನಿಂತುಹೋಗುತ್ತದೆ.

ಗಟ್ಟಿ ನೆಲ ಬೇರೆ ಕಡೆ ಇದೆ. ಸೆಪ್ಟೆಂಬರ್ 12ರಂದು, ಸಭೆ ಮುಗಿಯಲು ಐದು ದಿನ ಇರುವಾಗ, ಮೇಸನ್ ಹೇಳಿದರು: ಇದಕ್ಕೆ ಒಂದು ಹಕ್ಕುಗಳ ಪಟ್ಟಿ ಸೇರಿಸೋಣ, ಕೆಲವೇ ಗಂಟೆಗಳ ಕೆಲಸ. ಗೆರಿ ದನಿಗೂಡಿಸಿದರು. ಒಂದು ರಾಜ್ಯವೂ ಒಪ್ಪಲಿಲ್ಲ. 10ಕ್ಕೆ 0. ಎಲ್ಲರಿಗೂ ದಣಿವಾಗಿತ್ತು, ಮನೆಗೆ ಹೋಗುವ ಆತುರ ಇತ್ತು. ಸಂವಿಧಾನ 'ಬೇಕು' ಎಂದ ಫೆಡರಲಿಸ್ಟರು ಮಾಡಿದ ದೊಡ್ಡ ತಪ್ಪು ಇದು ಎಂದು ನನ್ನ ಗಟ್ಟಿ ನಂಬಿಕೆ. ವಿರೋಧಿಗಳ ಕೈಗೆ ತಾವೇ ಕೋಲು ಕೊಟ್ಟರು.

ಮಾತಾಡುವ ಸ್ವಾತಂತ್ರ್ಯ ಎಲ್ಲಿ ಬರೆದಿದೆ? ಪತ್ರಿಕೆಗೆ ರಕ್ಷಣೆ ಎಲ್ಲಿ? ನಮ್ಮ ಧರ್ಮದ ಪಾಡಿಗೆ ನಮ್ಮನ್ನು ಬಿಡುತ್ತೀರಾ? ಇವು ಊರೂರಲ್ಲಿ ಎದ್ದ ಪ್ರಶ್ನೆಗಳು. ಇಡೀ ದೇಶಕ್ಕೆ ಮೊದಲ ಕೆಳಮನೆಯಲ್ಲಿ ಬರೀ 65 ಮಂದಿ. ಇಷ್ಟು ಕಡಿಮೆ ಸ್ಥಾನಕ್ಕೆ ಸಾಮಾನ್ಯ ರೈತ ಆರಿಸಿ ಬರುವುದುಂಟೇ ಎಂದು ನ್ಯೂಯಾರ್ಕ್‌ನ ಮೆಲ್ಯಾಂಕ್ಟನ್ ಸ್ಮಿತ್ ಕೇಳಿದರು. ಮಗಳಿಗೆ ಮರ್ಸಿ ಓಟಿಸ್ ವಾರನ್ ಹೆಸರನ್ನೂ ಹೇಳಿ. ಹೆಂಗಸರಿಗೆ ಸಭೆಯ ಬಾಗಿಲೇ ತೆರೆಯದ ಕಾಲದಲ್ಲಿ, 1788ರಲ್ಲಿ, ಆಕೆ ಬೇರೆ ಹೆಸರಿಟ್ಟುಕೊಂಡು ಸಂವಿಧಾನದ ವಿರುದ್ಧ ಒಂದು ಕಿರುಹೊತ್ತಗೆ ಅಚ್ಚು ಹಾಕಿಸಿದರು. ತುಂಬಾ ಕಾಲ ಅದು ಗೆರಿ ಬರೆದದ್ದೆಂದೇ ಜನ ನಂಬಿದ್ದರು.

ಎದುರು ಗುಂಪಿನವರು ಹ್ಯಾಮಿಲ್ಟನ್‌ನ ಮಾತು ತಂದೇ ತರುತ್ತಾರೆ. ಹ್ಯಾಮಿಲ್ಟನ್, ಮ್ಯಾಡಿಸನ್, ಜಾನ್ ಜೇ ಸೇರಿ ಪತ್ರಿಕೆಗಳಿಗೆ ಬರೆದ 85 ಲೇಖನಗಳಲ್ಲಿ 84ನೆಯದರಲ್ಲಿ ಅದು ಇದೆ. ಕೇಂದ್ರಕ್ಕೆ ಕೊಡದ ಅಧಿಕಾರವನ್ನು ತಡೆಯುವ ಪಟ್ಟಿ ಯಾಕೆ? ಪಟ್ಟಿ ಮಾಡಿದರೆ ಪಟ್ಟಿಯಲ್ಲಿಲ್ಲದ ಹಕ್ಕು ಇಲ್ಲವೇ ಇಲ್ಲ ಎಂದಾಗುತ್ತದೆ. ವಾದ ಚುರುಕಾಗಿದೆ, ಅಲ್ವಾ? ಅದಕ್ಕೆ ಉತ್ತರವನ್ನು ಆ ಕಾಲದವರೇ ಕೊಟ್ಟಿದ್ದಾರೆ. 'ಬ್ರೂಟಸ್' ಎಂಬ ಹೆಸರಲ್ಲಿ ಬರೆಯುತ್ತಿದ್ದ ವಿರೋಧಿ ಕೇಳಿದ: ಪಟ್ಟಿ ಬೇಡವಾದರೆ, ಕಾರಣ ಹೇಳದೆ ಜೈಲಲ್ಲಿಡಬಾರದು, ಹಿಂದೆ ಮಾಡಿದ ಕೆಲಸವನ್ನು ಆಮೇಲೆ ಕಾನೂನು ತಂದು ಅಪರಾಧ ಎನ್ನಬಾರದು ಎಂಬ ಕೆಲವನ್ನು ನೀವೇ ಯಾಕೆ ಬರೆದಿದ್ದೀರಿ? ಕೆಲವನ್ನು ಬರೆದು ಕೆಲವನ್ನು ಬಿಟ್ಟರೆ, ಬಿಟ್ಟದ್ದರ ಗತಿ ಏನು? ಮಗಳು ಈ ಒಂದು ಪ್ರಶ್ನೆಯನ್ನು ಚೆನ್ನಾಗಿ ಕಲಿತು ಹೋದರೆ ಸಾಕು.

ಮತ್ತೆ, ಇವರು ಸೋತರು ಎನ್ನುವುದು ಪೂರ್ತಿ ನಿಜವೂ ಅಲ್ಲ. ಮ್ಯಾಸಚುಸೆಟ್ಸ್‌ನಲ್ಲಿ ಸಂವಿಧಾನ ಗೆದ್ದದ್ದು 187ಕ್ಕೆ 168ರಿಂದ, ಅದೂ 'ಆಮೇಲೆ ತಿದ್ದುಪಡಿ ತನ್ನಿ' ಎಂಬ ಶಿಫಾರಸು ಸೇರಿಸಿದ ಮೇಲೆ. ವರ್ಜೀನಿಯಾದಲ್ಲಿ 89ಕ್ಕೆ 79. ನ್ಯೂಯಾರ್ಕ್‌ನಲ್ಲಿ 30ಕ್ಕೆ 27. ಇಷ್ಟು ಅಂಚಿನಲ್ಲಿ ಗೆದ್ದವರು ಸೋತವರ ಮಾತು ಕೇಳದೆ ಇರಲಾಗಲಿಲ್ಲ. ಹಕ್ಕುಗಳ ಪಟ್ಟಿ ಬರೀ ಕಾಗದದ ಬೇಲಿ ಎನ್ನುತ್ತಿದ್ದ ಮ್ಯಾಡಿಸನ್‌ಗೆ ಜೆಫರ್ಸನ್ ಪ್ಯಾರಿಸ್‌ನಿಂದ ಪತ್ರ ಬರೆದು ಒತ್ತಾಯಿಸಿದರು. ಹೊಸ ಕಾಂಗ್ರೆಸ್‌ಗೆ ತಮ್ಮ ಊರ ಕಡೆಯಿಂದ ನಿಂತ ಚುನಾವಣೆಯಲ್ಲಿ ಎದುರಾಳಿ ಜೇಮ್ಸ್ ಮನ್ರೋ, ಮತದಾರರಿಗೆ ಮಾತು ಕೊಡಬೇಕಾಯಿತು. ಗೆದ್ದು ಬಂದ ಮ್ಯಾಡಿಸನ್ 1789ರ ಜೂನ್ 8ರಂದು ತಾವೇ ತಿದ್ದುಪಡಿಗಳನ್ನು ಮಂಡಿಸಿದರು. 1791ರ ಡಿಸೆಂಬರ್ 15ಕ್ಕೆ ಅವುಗಳಲ್ಲಿ 10 ಜಾರಿಗೆ ಬಂದವು. ಇಂದು ಬಿಲ್ ಆಫ್ ರೈಟ್ಸ್ ಎಂದು ನಿಮ್ಮ ಮಗಳು ಶಾಲೆಯಲ್ಲಿ ಓದುವುದು ಅದನ್ನೇ.

ಮಾವನವರಿಗೆ ಒಂದು ಮಾತು ಹೇಳಿ, ಅವರಿಗೆ ಖುಷಿಯಾಗಬಹುದು. ಆ ಪಟ್ಟಿಯ ಐದನೇ ತಿದ್ದುಪಡಿಯಲ್ಲಿ 'ಕಾನೂನಿನ ಸರಿಯಾದ ಕ್ರಮವಿಲ್ಲದೆ ಯಾರ ಜೀವ, ಸ್ವಾತಂತ್ರ್ಯ, ಆಸ್ತಿಯನ್ನೂ ಕಸಿಯಬಾರದು' ಎಂದಿದೆ. ನಮ್ಮ ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಮಂಗಳೂರು ಮೂಲದ ಬೆನಗಲ್ ನರಸಿಂಗ ರಾವ್ 1947ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ನ್ಯಾಯಾಧೀಶ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಜೊತೆ ಇದೇ ವಾಕ್ಯದ ಬಗ್ಗೆ ಮಾತಾಡಿದರು. ಇದು ನ್ಯಾಯಾಧೀಶರ ಕೈಗೆ ಅತಿಯಾದ ಬಲ ಕೊಡುತ್ತದೆ ಎಂಬ ಅಭಿಪ್ರಾಯ ಕೇಳಿ ಬಂದರು. ನಮ್ಮ 21ನೇ ವಿಧಿಯಲ್ಲಿ ಮಾತು ಬೇರೆಯಾಗಿರುವುದಕ್ಕೆ ಈ ಭೇಟಿಯೂ ಒಂದು ಕಾರಣ. ದೆಹಲಿಯ ಸಭೆ ನಡೆದದ್ದು ಮಾತ್ರ ತೆರೆದ ಬಾಗಿಲಲ್ಲಿ. ಆಡಿದ ಪ್ರತಿ ಮಾತೂ ಅಚ್ಚಾಗಿದೆ. ಫಿಲಡೆಲ್ಫಿಯಾದ ಒಳಮಾತನ್ನು ವಿವರವಾಗಿ ತಿಳಿಯಲು ಮ್ಯಾಡಿಸನ್‌ರ ಟಿಪ್ಪಣಿ 1840ರಲ್ಲಿ ಅಚ್ಚಾಗುವ ತನಕ ಜನ ಕಾಯಬೇಕಾಯಿತು.

ಕೊನೆಯದಾಗಿ ಮಗಳ ಭಾಷಣದ ಬಗ್ಗೆ. ನೀವಿರುವುದು ನಾರ್ತ್ ಕ್ಯಾರೊಲೈನಾದಲ್ಲಿ. ಎರಡು ರಾಜ್ಯಗಳು 'ಬೇಡ' ಅಂದವು ಎಂದೆನಲ್ಲ, ಒಂದು ರೋಡ್ ಐಲೆಂಡ್, ಇನ್ನೊಂದು ನಿಮ್ಮದೇ. 1788ರ ಜುಲೈ-ಆಗಸ್ಟ್‌ನಲ್ಲಿ ಹಿಲ್ಸ್‌ಬರೋ ಊರಿನ ಒಂದು ಚರ್ಚಿನಲ್ಲಿ ಪ್ರತಿನಿಧಿಗಳು ಕೂತರು. ಪರವಾಗಿ ಜೇಮ್ಸ್ ಐರ್‌ಡೆಲ್ ಕಲಂ ಕಲಂ ಬಿಡಿಸಿ ಹೇಳಿದರು. ವಿರೋಧದ ಮುಂದಾಳು ವಿಲಿ ಜೋನ್ಸ್. ದೊಡ್ಡ ಬಹುಮತದಿಂದ ಸಭೆ ಹೇಳಿತು: 20 ಅಂಶಗಳ ಹಕ್ಕುಗಳ ಘೋಷಣೆ ಮತ್ತು 26 ತಿದ್ದುಪಡಿಗಳನ್ನು ಮೊದಲು ನೋಡಿ, ಆಮೇಲೆ ನಮ್ಮ ಒಪ್ಪಿಗೆ ಕೇಳಿ. ಮ್ಯಾಡಿಸನ್‌ರ ತಿದ್ದುಪಡಿಗಳು ಕಾಂಗ್ರೆಸ್‌ನಲ್ಲಿ ಪಾಸಾದ ಮೇಲೆ, 1789ರ ನವೆಂಬರ್ 21ರಂದು, ಫೇಯಟ್‌ವಿಲ್‌ನಲ್ಲಿ ಮತ್ತೆ ಸೇರಿ ಒಪ್ಪಿದರು.

ಹಿಲ್ಸ್‌ಬರೋ ನಿಮ್ಮ ಮನೆಯಿಂದ ಕಾರಿನಲ್ಲಿ ಒಂದು ಗಂಟೆಯೊಳಗಿನ ದಾರಿ. ಒಂದು ಶನಿವಾರ ಮಾವನವರನ್ನೂ ಕರೆದುಕೊಂಡು ಹೋಗಿ ಬನ್ನಿ. 1789ರ ಏಪ್ರಿಲ್ 30ರಂದು ನ್ಯೂಯಾರ್ಕ್‌ನಲ್ಲಿ ವಾಷಿಂಗ್ಟನ್ ಮೊದಲ ಅಧ್ಯಕ್ಷರಾಗಿ ಪ್ರಮಾಣ ತೆಗೆದುಕೊಂಡಾಗ ನಿಮ್ಮ ರಾಜ್ಯ ಆ ಒಕ್ಕೂಟದಲ್ಲಿ ಇರಲಿಲ್ಲ. 'ನಾನು ಹಿಲ್ಸ್‌ಬರೋದಿಂದ ಬಂದವಳು, ನಾವಿನ್ನೂ ಸಹಿ ಹಾಕಿಲ್ಲ, ಯಾಕೆ ಹಾಕಿಲ್ಲ ಕೇಳಿ' ಎಂದೇ ಅವಳು ಮಾತು ಶುರು ಮಾಡಲಿ.